ದಾಂಪತ್ಯದಲ್ಲಿ ದಯೆ: ಲಕ್ಕಮ್ಮ–ಮಾರಯ್ಯರ ನಿದರ್ಶನ

ದಾಂಪತ್ಯನಿಷ್ಠೆ ಎಂದೊಡನೆ ಪತಿಯ ಮಾತನ್ನು ಮೀರದ ಸತಿಯ ಚಿತ್ರವು ನಮ್ಮ ಕಣ್ಣಮುಂದೆ ನಿಲ್ಲುತ್ತದೆ. ದಯೆ ಎಂದೊಡನೆ ಕೈಯೆತ್ತಿ ಕೊಡುವ ದಾನಿಯ ನೆನಪಾಗುತ್ತದೆ. ಈ ಎರಡು ಚಿತ್ರಗಳೂ ಅಪೂರ್ಣವೆಂಬುದನ್ನು ಹನ್ನೆರಡನೆಯ ಶತಮಾನದ ಬಡ ದಂಪತಿಗಳಾದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮನವರ ಬಾಳು ತೋರಿಸಿಕೊಡುತ್ತದೆ. ಅವರ ಕಥೆ ನಮ್ಮ ಶಾಲೆಗಳಿಗೆ ಹೊಸದಲ್ಲ. ಆದರೆ ಅತ್ಯಾಶೆ ಕೂಡದೆಂಬ ಒಂದೇ ನೀತಿಯನ್ನು ಹೇಳಿ ಪಾಠವನ್ನು ಮುಗಿಸುವುದು ವಾಡಿಕೆಯಾಗಿದೆ. ಅದರಲ್ಲಿ ಅಡಗಿರುವ ದಾಂಪತ್ಯಧರ್ಮವನ್ನು ಕಿಂಚಿತ್ ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮಾರಯ್ಯ ದಂಪತಿಗಳು ರಾಯಚೂರು ಜಿಲ್ಲೆಯ ಲಿಂಗಸುಗೂರು ತಾಲೂಕಿನ ಅಮರೇಶ್ವರ ಕ್ಷೇತ್ರದವರೆಂದು ಪ್ರತೀತಿ. ಬಸವಣ್ಣನವರ ಕೀರ್ತಿಯನ್ನು ಕೇಳಿ ಅವರು ಕಲ್ಯಾಣಕ್ಕೆ ಬಂದರು. ಆ ಕಲ್ಯಾಣವೇ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ರಾಯಚೂರು, ಬೀದರಗಳೆರಡೂ ಹೈದರಾಬಾದು ರಾಜ್ಯದಲ್ಲಿದ್ದವು. ಅಕ್ಕಲಕೋಟೆ, ಸೊಲ್ಲಾಪುರದ ಕಡೆಯವರಿಗೂ ಪಶ್ಚಿಮ ತೆಲಂಗಾಣದವರಿಗೂ ಕಲ್ಯಾಣವು ನೆರೆಯ ಊರು. ಆದುದರಿಂದ ಗಡಿನಾಡಿನ ನಮಗೆ ಇದು ದೂರದ ಪುರಾಣವಲ್ಲ, ನೆರೆಮನೆಯ ಕಥೆ.

ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ತಂದ ಅಕ್ಕಿಯನ್ನು ಅಟ್ಟು, ಜಂಗಮರಿಗೆ ನೀಡಿ, ಉಳಿದುದನ್ನು ಪ್ರಸಾದವೆಂದು ತಾವು ಉಣ್ಣುವುದು ದಂಪತಿಗಳ ನಿತ್ಯವ್ರತ. ಪರರಿಗೆ ಉಣಿಸುವುದು ಅವರ ಸಂಸಾರದ ಹೊರಗಣ ಕೆಲಸವಾಗಿರಲಿಲ್ಲ. ಸಂಸಾರವೇ ಅದಕ್ಕಾಗಿ ನಡೆಯುತ್ತಿತ್ತು.

ಒಮ್ಮೆ ಮಾರಯ್ಯನು ಶರಣರ ಗೋಷ್ಠಿಯಲ್ಲಿ ಮೈಮರೆತು ಕುಳಿತನು. ಆಗ ಲಕ್ಕಮ್ಮನು ಕಾಯಕವು ನಿಂತುಹೋಗಿದೆಯೆಂದು ಅವನನ್ನು ಎಚ್ಚರಿಸಿ ಕಳುಹಿಸಿದಳು. ಕಾಯಕದಲ್ಲಿ ತೊಡಗಿರುವಾಗ ಗುರುವೇ ಎದುರಿಗೆ ಬಂದರೂ ಮರೆಯಬೇಕೆಂದು ಸಾರುವ ಪ್ರಸಿದ್ಧ ವಚನವು ಮಾರಯ್ಯನದೇ. ಅಂತಹವನಿಗೂ ಕಾಯಕವನ್ನು ನೆನಪಿಸಲು ಹೆಂಡತಿ ಬೇಕಾದಳೆಂಬುದು ಗಮನಿಸತಕ್ಕ ಸಂಗತಿ. ಮತ್ತೊಮ್ಮೆ ಅವನು ದಿನದ ಅಳತೆಯನ್ನು ಮೀರಿ ಹೆಚ್ಚು ಅಕ್ಕಿಯನ್ನು ತಂದನು. ಬಸವಣ್ಣನವರೇ ಪರೀಕ್ಷಾರ್ಥವಾಗಿ ಹೆಚ್ಚು ಅಕ್ಕಿಯನ್ನು ಚೆಲ್ಲಿಸಿದ್ದರೆಂದು ಹೇಳುವುದುಂಟು. ಲಕ್ಕಮ್ಮನು ಅದನ್ನು ಒಳಗಿಡಲೊಪ್ಪಲಿಲ್ಲ. ಆಸೆಯೆಂಬುದು ಅರಸರಿಗೆ ತಕ್ಕುದೇ ಹೊರತು ಶಿವಭಕ್ತರಿಗಲ್ಲ. ತಂದ ಕಡೆಯಲ್ಲಿಯೇ ಸುರಿದು ಬನ್ನಿರೆಂದು ಕಳುಹಿಸಿದಳು. ಮಾರಯ್ಯನು ಮರುಮಾತಿಲ್ಲದೆ ಹಾಗೆಯೇ ಮಾಡಿದನು.

ಮಾರಯ್ಯನು ಹೆಚ್ಚು ತಂದುದು ತನ್ನ ಹೊಟ್ಟೆಗಾಗಿ ಇರಲಾರದು. ಇನ್ನೂ ನಾಲ್ವರಿಗೆ ಉಣಿಸಬಹುದೆಂಬ ಸದುದ್ದೇಶವೇ ಇದ್ದಿರಬೇಕು. ಅಪಾಯವಿರುವುದು ಅಲ್ಲಿಯೇ. ಕೆಟ್ಟ ಆಸೆಯನ್ನು ಗುರುತಿಸುವುದು ಸುಲಭ. ಪರೋಪಕಾರದ ವೇಷವನ್ನು ತೊಟ್ಟ ಆಸೆಯನ್ನು ಗುರುತಿಸುವುದು ಬಹು ಕಷ್ಟ. ಅಂಗಳದ ಅಕ್ಕಿ ಒಬ್ಬರ ಸೊತ್ತಲ್ಲ. ನಮ್ಮ ಅಂದಿನ ಅಗತ್ಯವನ್ನು ಮೀರಿ ಆಯ್ದುದು ಇನ್ನಾರದೋ ಪಾಲು. ಇನ್ನೊಬ್ಬನ ಪಾಲನ್ನು ತಂದು ಮಾಡುವ ದಾನದಿಂದ ದಾನಿಗೆ ಹೆಸರು ಬರಬಹುದು, ಆದರೆ ಅದು ದಯೆಯೆನಿಸದು. ಲಕ್ಕಮ್ಮನ ನಡೆಯಿಂದ ನಾವು ಕಲಿಯತಕ್ಕ ಸೂಕ್ಷ್ಮ ಇದೇ ಎಂದು ನನ್ನ ಭಾವನೆ.

ಹೀಗೆ ತಿದ್ದಿದವಳು ಪತಿಯನ್ನು ಕಡೆಗಣಿಸಿದವಳೇ? ಅವಳ ವಚನಗಳ ಅಂಕಿತವನ್ನು ನೋಡಿರಿ. ಮಾರಯ್ಯನ ಅಂಕಿತ ‘ಅಮರೇಶ್ವರಲಿಂಗ’. ಲಕ್ಕಮ್ಮನದು ‘ಮಾರಯ್ಯಪ್ರಿಯ ಅಮರೇಶ್ವರಲಿಂಗ’. ಗಂಡನಿಗೆ ಬುದ್ಧಿ ಹೇಳುವ ವಚನವನ್ನೂ ಅವಳು ಗಂಡನ ಹೆಸರಿನಿಂದಲೇ ಮುಗಿಸುತ್ತಾಳೆ. ತಿದ್ದುವುದೂ ಒಲವಿನ ಕೆಲಸವೇ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಅತ್ತ ಮಾರಯ್ಯನ ನಿಷ್ಠೆಯೂ ಕಡಿಮೆಯದಲ್ಲ. ಹೆಂಡತಿಯ ಮಾತಿನಲ್ಲಿ ಸತ್ಯವನ್ನು ಕಂಡು, ಹೊತ್ತು ತಂದುದನ್ನು ಮತ್ತೆ ಹೊತ್ತೊಯ್ದು ಸುರಿಯುವುದಕ್ಕೆ ದೊಡ್ಡ ಮನಸ್ಸು ಬೇಕು. ಹೇಳುವ ಧೈರ್ಯವೂ ಕೇಳುವ ವಿನಯವೂ ಕೂಡಿದಲ್ಲಿ ದಾಂಪತ್ಯವು ಬಹುಕಾಲ ಬಾಳುತ್ತದೆ.

ಕಲ್ಯಾಣದಲ್ಲಿ ಇವರೊಬ್ಬರೇ ಹೀಗಿದ್ದವರಲ್ಲ. ಕಾಶ್ಮೀರದ ಅರಸುತನವನ್ನು ತೊರೆದು ಬಂದರೆಂದು ಪ್ರತೀತಿಯುಳ್ಳ ಮೋಳಿಗೆ ಮಾರಯ್ಯ ಮತ್ತು ಮಹಾದೇವಿಯರು ಕಟ್ಟಿಗೆಯ ಕಾಯಕದಿಂದ ದಾಸೋಹವನ್ನು ನಡೆಸಿದರು. ಅವರಿಗಿಂತ ಹಿಂದಿನವನಾದ ಮುದನೂರಿನ ಜೇಡರ ದಾಸಿಮಯ್ಯನು ಸತಿಪತಿಗಳ ಭಕ್ತಿ ಒಂದಾದಲ್ಲಿ ಮಾತ್ರ ಅದು ಶಿವನಿಗೆ ಹಿತವೆಂದು ಹೇಳಿದನು. ಅವನ ಮಡದಿ ದುಗ್ಗಳೆಯ ಅಂಕಿತದಲ್ಲಿಯೂ ಗಂಡನ ಹೆಸರುಂಟು. ಒಂದಾಗುವುದೆಂದರೆ ಒಬ್ಬರು ಇನ್ನೊಬ್ಬರಲ್ಲಿ ಅಡಗಿಹೋಗುವುದೆಂದು ಅರ್ಥವಲ್ಲ. ಇಬ್ಬರೂ ಒಂದೇ ಗುರಿಯನ್ನು ನೋಡುತ್ತ ನಡೆಯುವುದೆಂದು ಅರ್ಥ.

ಉಪಾಧ್ಯಾಯ ಬಂಧುಗಳು ಈ ಪಾಠವನ್ನು ಮಾಡುವಾಗ ‘ಆಸೆಯೇಕೆ ತಪ್ಪು?’ ಎಂದು ಕೇಳಿ ನಿಲ್ಲಬಾರದು. ‘ಒಳ್ಳೆಯ ಕೆಲಸಕ್ಕಾಗಿಯೇ ತಂದ ಅಕ್ಕಿಯನ್ನು ಲಕ್ಕಮ್ಮ ಏಕೆ ಹಿಂದಕ್ಕೆ ಕಳುಹಿಸಿದಳು? ಮಾರಯ್ಯ ಏಕೆ ಸಿಟ್ಟಾಗಲಿಲ್ಲ?’ ಎಂದೂ ಕೇಳಬೇಕು. ನಮ್ಮ ತರಗತಿಗಳ ಹುಡುಗ ಹುಡುಗಿಯರೇ ನಾಳಿನ ಗೃಹಸ್ಥರು. ಆಜ್ಞೆ ಮಾಡುವುದೇ ಗಂಡಸುತನ, ಸುಮ್ಮನಿರುವುದೇ ಹೆಣ್ಣಿನ ಧರ್ಮ ಎಂಬ ತಿಳಿವಳಿಕೆಯೊಡನೆ ಅವರು ಶಾಲೆಯನ್ನು ಬಿಟ್ಟುಹೋದರೆ ವಚನಗಳನ್ನು ಬಾಯಿಪಾಠ ಮಾಡಿಸಿದ್ದರಿಂದ ಏನು ಫಲ? ಮನೆಯೊಳಗಿನ ಇಬ್ಬರು ಒಬ್ಬರನ್ನೊಬ್ಬರು ಪ್ರೀತಿಯಿಂದ ತಿದ್ದಿಕೊಂಡಾಗ ನೆರೆಯವನ ಪಾಲು ನೆರೆಯವನಿಗೆ ಉಳಿಯುತ್ತದೆ. ಲಕ್ಕಮ್ಮನು ಹಿಂದಕ್ಕೆ ಕಳುಹಿಸಿದ ಆ ಅಕ್ಕಿ ಅಂದು ಇನ್ನಾವುದೋ ಹಸಿದ ಮನೆಯಲ್ಲಿ ಅನ್ನವಾಗಿರಬೇಕು.