ಅರ್ಧ ಇಂಚಿಗೆ ಹತ್ತು ವರ್ಷ ಜೈಲು!

ರೈಫಲ್ ನಳಿಕೆ 16 ಇಂಚು ಇದ್ದರೆ ಸರಿ. ಹದಿನೈದೂವರೆ ಇದ್ದು, ನೋಂದಣಿ ಇಲ್ಲ ಅಂದ್ರೆ? ಅಮೆರಿಕದಲ್ಲಿ 10 ವರ್ಷದವರೆಗೆ ಜೈಲು!

ಇದು 1934ರ ನ್ಯಾಷನಲ್ ಫೈರ್‌ಆರ್ಮ್ಸ್ ಆ್ಯಕ್ಟ್. ನಳಿಕೆ 16 ಇಂಚಿಗಿಂತ ಗಿಡ್ಡ ಇದ್ದರೆ, ಇಲ್ಲವೇ ರೈಫಲ್ ಕತ್ತರಿಸಿ ಒಟ್ಟು ಉದ್ದ 26 ಇಂಚಿಗಿಂತ ಕಡಿಮೆ ಮಾಡಿದ್ದರೆ, ಅದು 'ಶಾರ್ಟ್ ಬ್ಯಾರೆಲ್ ರೈಫಲ್'.

ಅಳೆಯೋದು ಹೇಗೆ? ಒಳಗೆ ಗುಂಡಿಲ್ಲ ಅಂತ ಖಾತ್ರಿ ಮಾಡ್ಕೊಳ್ಳಿ. ಬೋಲ್ಟ್ (ನಳಿಕೆಯ ಹಿಂಬದಿ ಮುಚ್ಚೋ ಭಾಗ) ಮುಚ್ಚಿ. ನಳಿಕೆ ಬಾಯಿಂದ ಒಂದು ಕಡ್ಡಿ ಬೋಲ್ಟ್‌ಗೆ ತಾಗುವವರೆಗೆ ಇಳಿಸಿ, ಗುರುತು ಹಾಕಿ, ಹೊರತೆಗೆದು ಅಳೀರಿ. ತುದಿಯಲ್ಲಿ ತಿರುಗಿಸಿ ಬಿಚ್ಚೋ ಭಾಗ ಲೆಕ್ಕಕ್ಕಿಲ್ಲ.

ಇನ್ನು ಪಿಸ್ತೂಲ್ ಬ್ರೇಸ್. ಇದು ಮುಂಗೈಗೆ ಕಟ್ಟೋ ಆಸರೆ. ಅಂಗವಿಕಲ ಮಾಜಿ ಸೈನಿಕರು ಒಂದೇ ಕೈಯಲ್ಲಿ ಗುರಿ ಹಿಡಿಯಲಿ ಅಂತ ಬಂದದ್ದು. ಜನ ಅದನ್ನೇ ಭುಜಕ್ಕೆ ಒರಗಿಸಿದರು! 2023ರಲ್ಲಿ ಬಂದೂಕು ನಿಯಂತ್ರಿಸುವ ಕೇಂದ್ರ ಸಂಸ್ಥೆ ಎಟಿಎಫ್, ಬ್ರೇಸ್ ಇರೋ ಬಹುತೇಕ ಪಿಸ್ತೂಲುಗಳೂ ಭುಜಕ್ಕೆ ಒರಗಿಸಿ ಹೊಡೆಯೋ ರೈಫಲ್ಲೇ ಅಂದಿತು. 2024ರ ಜೂನ್‌ನಲ್ಲಿ ಟೆಕ್ಸಸ್‌ನ ಫೆಡರಲ್ ಕೋರ್ಟ್ ಆ ನಿಯಮ ರದ್ದು ಮಾಡಿತು. 1934ರ ಕಾನೂನು ಮಾತ್ರ ಜಾರಿಯಲ್ಲೇ ಇದೆ.

ಗಿಡ್ಡ ರೈಫಲ್‌ಗೆ ಮೊದಲಿದ್ದ 200 ಡಾಲರ್ ತೆರಿಗೆ 2026ರ ಜನವರಿ 1ರಿಂದ ಇಲ್ಲ. ಆದರೆ ಅರ್ಜಿ, ಬೆರಳಚ್ಚು, ಫೋಟೊ, ಎಟಿಎಫ್ ಅನುಮತಿ ತಪ್ಪಿದ್ದಲ್ಲ. ಬೇರೆ ರಾಜ್ಯಕ್ಕೆ ಒಯ್ಯೋಕೂ ಮೊದಲೇ ಒಪ್ಪಿಗೆ ಬೇಕು. ಕ್ಯಾಲಿಫೋರ್ನಿಯಾದಂಥ ಕಡೆ ಸಾಮಾನ್ಯರಿಗೆ ನಿಷೇಧವೇ.

ಎಚ್-1ಬಿ ವೀಸಾದಲ್ಲಿರೋ ಕನ್ನಡಿಗರೇ, ಬೇಟೆ ಲೈಸೆನ್ಸ್‌ನಂಥ ವಿನಾಯಿತಿ ಇಲ್ಲದೆ ನೀವು ಯಾವ ಬಂದೂಕನ್ನೂ ಇಟ್ಕೊಳ್ಳೋ ಹಾಗಿಲ್ಲ. ಉಳಿದವರು ಬಿಡಿಭಾಗ ಜೋಡಿಸೋ ಮುಂಚೆ ನಿಮ್ಮ ರಾಜ್ಯದ ಕಾನೂನನ್ನು ವಕೀಲರ ಹತ್ತಿರ ಕೇಳಿ.