ಸ್ಲ್ಯಾಬಿಗೆ ತೂತು ಹೊಡೆಯುವ ಮುಂಚೆ: ಮನೆ, ಕಣ, ದನದ ಕೊಟ್ಟಿಗೆಗೆ ಕಾಂಕ್ರೀಟ್ ಕಟಿಂಗ್

ಈ ವಾರ ಹೊಲ ಬಿಟ್ಟು ಮಾಳಿಗೆ ಹತ್ತೋಣ. ಯುಗಾದಿ ಮುಗಿದು ರೋಹಿಣಿ ಮಳೆ ಕೂಡುವ ತನಕ ನಮ್ಮ ಕುಬಿಹಾಳದಂಥ ಊರುಗಳಲ್ಲಿ ಮನೆ ರಿಪೇರಿಯ ಕಾಲ. ಮಳೆನೀರಿನ ಪೈಪು, ಸೋಲಾರ್ ಗೀಜರಿನ ಪೈಪು, ಹೊಸ ಪಾಯಖಾನೆಯ ಪೈಪು, ಬೋರಿನ ಕೇಬಲ್ಲು, ಎಲ್ಲದಕ್ಕೂ ಒಂದೊಂದು ತೂತು ಬೇಕು. ಆ ತೂತು ಹೆಂಗ ಹೊಡೀಬೇಕು, ಎಲ್ಲಿ ಹೊಡೀಬಾರದು ಅನ್ನೋದನ್ನ ನಾನು ಕಲಿತದ್ದು ಒಂದು ವರ್ಷದ ಬೀಜ ಕಳಕೊಂಡ ಮೇಲೆ.

ನಮ್ಮ ಮನೆಯ ಸ್ಲ್ಯಾಬಿಗೆ ಮಳೆನೀರಿನ ಪೈಪಿಗಾಗಿ ನಾಲ್ಕು ಇಂಚಿನ ತೂತು ಬೇಕಾಗಿತ್ತು. ಬಂದ ಗೌಂಡಿ ಚಾಣ-ಸುತ್ತಿಗೆ ಹಿಡಿದು, "ಏನೂ ಆಗೂದಿಲ್ರಿ, ನಾಕ ಪೆಟ್ಟಿನ ಕೆಲಸ" ಅಂದ. ನಾನೂ ಹೂಂ ಅಂದೆ. ಅರ್ಧ ದಿನ ಬಡಿದ ಮೇಲೆ ಮಾಳಿಗೆ ಮೇಲಿಂದ ನೋಡಿದರೆ ತೂತು ಅಚ್ಚುಕಟ್ಟಾಗಿತ್ತು, ಒಳಗಿಂದ ನೋಡಿದರೆ ಬುಟ್ಟಿ ಅಗಲ ಕಾಂಕ್ರೀಟ್ ಉದುರಿ ಬಿದ್ದಿತ್ತು. ಅಡ್ಡ ಬಂದ ಎರಡು ಸರಳನ್ನೂ ಕತ್ತರಿಸಿದ್ದ. ಪೈಪು ಇಟ್ಟು, ಸಿಮೆಂಟ್ ಮೆತ್ತಿ ಹೋದ. ಮೇ ಕೊನೆಗೆ ಒಂದೇ ಅಡ್ಡಮಳೆ ಹೊಡೆಯಿತು. ಆ ಖೋಲಿಯಲ್ಲೇ ಬಿತ್ತಲಿಕ್ಕೆ ಅಂತ ಇಟ್ಟಿದ್ದ ಹೆಸರಿನ ಎರಡು ಚೀಲ, ಆರು ವರ್ಷದಿಂದ ನಾವೇ ಆರಿಸಿ ಇಟ್ಟುಕೊಂಡು ಬಂದ ಬೀಜ, ಚೀಲದಲ್ಲೇ ಮೊಳಕೆ ಒಡೆದು ಬೂಸ್ಟು ಹಿಡಿಯಿತು. ಆ ವರ್ಷ ಬಿತ್ತಲಿಕ್ಕೆ ಬೇರೆಯವರ ಬೀಜ ತಂದೆವು.

ಹಳೆಯ ಮಣ್ಣಿನ ಮಾಳಿಗೆ ಇಂಥ ತಪ್ಪನ್ನು ಕ್ಷಮಿಸುತ್ತಿತ್ತು. ಜಂತಿ ನಡುವೆ ಬೆಳಕಿಂಡಿ ಬೇಕಂದರೆ ಹಲಗೆ ಸರಿಸಿ ಮಾಡುತ್ತಿದ್ದರು, ಸೋರಿದರೆ ಬೇಸಿಗೆಗೆ ಮತ್ತೆ ಕರಲು ಮಣ್ಣು ಹಾಕಿ ತುಳಿಯುತ್ತಿದ್ದರು. ನೀರು ಹೋಗಲಿಕ್ಕೆ ಗೋಡೆಯಂಚಿಗೆ ಹರನಾಳಿಗೆ ಇರುತ್ತಿತ್ತು. ಸ್ಲ್ಯಾಬು ಹಾಗಲ್ಲ. ಅದು ಕಾಂಕ್ರೀಟ್ ಮತ್ತು ಕಬ್ಬಿಣ ಎರಡೂ ಸೇರಿ ಭಾರ ಹೊರುವ ಒಂದೇ ಹಲಗೆ. ಕಾಂಕ್ರೀಟಿಗೆ ಒತ್ತಡ ತಡೆಯುವ ಶಕ್ತಿ ಜಾಸ್ತಿ, ಎಳೆತ ತಡೆಯುವ ಶಕ್ತಿ ಅದರ ಹತ್ತರಲ್ಲಿ ಒಂದು ಪಾಲಿನಷ್ಟು. ಎಳೆತವನ್ನು ತಡೆಯುವುದು ಒಳಗಿನ ಸರಳು. ಮೇಲಿಂದ ಸುತ್ತಿಗೆ ಬಿದ್ದಾಗ ಕೆಳಮೈ ಕೊಡೆಯಂತೆ ಬಿಚ್ಚಿ ಉದುರುವುದು ಇದಕ್ಕೇ. ಉದುರಿದ ಕಡೆ ಸರಳು ಬಯಲಾಗಿ ತುಕ್ಕು ಹಿಡಿಯುತ್ತದೆ. ತುಕ್ಕು ಮೂಲ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ, ಹೀಗಾಗಿ ಪಕ್ಕದ ಕಾಂಕ್ರೀಟನ್ನೂ ಒಡೆಯುತ್ತ ಹೋಗುತ್ತದೆ. ತೂತು ನಾಲ್ಕು ಇಂಚಿನದಾದರೂ ಜಡ್ಡು ನಾಲ್ಕು ಇಂಚಿಗೆ ನಿಲ್ಲುವುದಿಲ್ಲ.

ಕೋರ್ ಕಟಿಂಗ್ ಅಂದರೆ ಏನು

ದುಂಡನೆ ತೂತಿಗೆ ಸರಿಯಾದ ದಾರಿ ಕೋರ್ ಕಟಿಂಗ್ ಮಶಿನ್. ಅದರ ಬಿಟ್ಟು ಟೊಳ್ಳಾದ ಉಕ್ಕಿನ ಕೊಳವೆ. ಬಾಯಂಚಿಗೆ ಲೋಹದ ಹಲ್ಲುಗಳು, ಆ ಹಲ್ಲಿನೊಳಗೆ ವಜ್ರದ ಪುಡಿ. ವಜ್ರ ಅಂದಕೂಡಲೇ ಮನೆಯವರು ಹೌಹಾರಬೇಕಿಲ್ಲ, ಕಾರ್ಖಾನೆಯಲ್ಲಿ ಮಾಡಿದ ಕೃತಕ ವಜ್ರದ ಹರಳು ಅದು. ಮಶಿನನ್ನು ಸ್ಟ್ಯಾಂಡಿಗೆ ಬಿಗಿದು, ಸ್ಟ್ಯಾಂಡನ್ನು ಸ್ಲ್ಯಾಬಿಗೆ ಬೋಲ್ಟ್ ಮಾಡಿ, ನೀರು ಬಿಡುತ್ತ ತಿರುಗಿಸುತ್ತಾರೆ. ಬಡಿಯುವುದಿಲ್ಲ, ಸವೆಸುತ್ತದೆ. ಹೀಗಾಗಿ ಕೆಳಗೆ ಒಡೆದು ಉದುರುವುದು ಬಹಳ ಕಡಿಮೆ. ಕೊನೆಗೆ ಕಂಬದ ತುಂಡಿನಂಥ ಗಟ್ಟಿ ಹೊರಬರುತ್ತದೆ. ಐದು ಇಂಚಿನ ಸ್ಲ್ಯಾಬಿನಲ್ಲಿ ನಾಲ್ಕು ಇಂಚಿನ ತೂತಾದರೆ ಆ ಗಟ್ಟಿ ಎರಡೂವರೆ ಕಿಲೊ ತೂಗುತ್ತದೆ. ಕೆಳಗೆ ಯಾರೂ ಇರಬಾರದು, ಬೀಳದಂತೆ ಹಲಗೆ ಆನಿಸಿರಬೇಕು.

ಈ ಮಶಿನಿನ ದೊಡ್ಡ ಗುಣವೇ ದೊಡ್ಡ ದೋಷವೂ ಹೌದು. ಸರಳು ಅಡ್ಡ ಬಂದರೆ ಸಪ್ಪಳ ಬದಲಾಗುತ್ತದೆ ಅಷ್ಟೇ, ಅದು ಕಬ್ಬಿಣವನ್ನೂ ಕೊಯ್ದು ಮುಂದೆ ಹೋಗುತ್ತದೆ. ಮಶಿನ್ ತಂದ ಹುಡುಗ ನೀವು ತೋರಿಸಿದ ಕಡೆ ತೂತು ಹಾಕುತ್ತಾನೆ. ಎಲ್ಲಿ ತೋರಿಸಬೇಕು ಅನ್ನೋದು ನಿಮ್ಮ ತಲೆಬ್ಯಾನಿ.

ನಮ್ಮ ಕಡೆಯ ಮನೆಗಳಲ್ಲಿ ಸ್ಲ್ಯಾಬು ಸಾಮಾನ್ಯವಾಗಿ ನಾಲ್ಕರಿಂದ ಐದು ಇಂಚು ದಪ್ಪ. ಒಳಗೆ 8 ಅಥವಾ 10 ಮಿ.ಮೀ. ಸರಳು, ಐದಾರು ಇಂಚಿಗೊಂದರಂತೆ, ಕೆಳಮೈಯಿಂದ ಮುಕ್ಕಾಲು ಇಂಚಿನಷ್ಟು ಮೇಲೆ. ಖೋಲಿ ಉದ್ದವಾಗಿದ್ದರೆ ಮುಖ್ಯ ಸರಳು ಓಡುವುದು ಖೋಲಿಯ ಕಡಿಮೆ ಅಗಲದ ದಿಕ್ಕಿಗೆ. ಎರಡು ಸರಳಿನ ನಡುವೆ ಕುಳಿತುಕೊಳ್ಳುವಂಥ ಸಣ್ಣ ತೂತಿನಿಂದ ಸ್ಲ್ಯಾಬಿಗೆ ಸಾಮಾನ್ಯವಾಗಿ ಧಕ್ಕೆಯಿಲ್ಲ. ಸರಳು ಎಲ್ಲಿದೆ ಅಂತ ಹುಡುಕುವ ಕೈ ಮಶಿನ್ ಕಟಿಂಗ್‌ನವರ ಹತ್ತಿರ ಇರುತ್ತದೆ, ಬರುವಾಗ ಅದನ್ನೂ ತಾ ಅಂತ ಫೋನಿನಲ್ಲೇ ಹೇಳಿ. ಈಗ ಮನೆ ಕಟ್ಟಿಸುತ್ತಿರುವವರಿಗೆ ಒಂದು ಮಾತು: ಕಾಂಕ್ರೀಟ್ ಹಾಕುವ ಹಿಂದಿನ ದಿನ ಸೆಂಟ್ರಿಂಗ್ ಮೇಲೆ ಟೇಪು ಹಾಸಿ ಸರಳಿನ ಫೋಟೋ ತೆಗೆದಿಡಿ. ಪೈಪು ಬರುವ ಕಡೆ ಪಿವಿಸಿ ತುಂಡು ನಿಲ್ಲಿಸಿ ಕಾಂಕ್ರೀಟ್ ಹಾಕಿಸಿದರೆ ಮುಂದೆ ಯಾವ ಮಶಿನಿನ ಹಂಗೂ ಇಲ್ಲ.

ನಿಜ ಹೇಳಬೇಕಂದ್ರ, ನಮ್ಮ ಮನೆಗೆ ಆ ತೂತೇ ಬೇಕಾಗಿರಲಿಲ್ಲ. ಪ್ಯಾರಾಪೆಟ್ ಗೋಡೆಯ ಬುಡದಲ್ಲಿ ಅಡ್ಡ ತೂತು ಹಾಕಿ ಪೈಪನ್ನು ಹೊರಗೋಡೆಗೆ ಇಳಿಸಬಹುದಿತ್ತು. ಇಟ್ಟಂಗಿ ಗೋಡೆ, ಕಬ್ಬಿಣದ ಪ್ರಶ್ನೆಯೇ ಇಲ್ಲ. ಈಗ ಹಾಗೇ ಇದೆ. ಎರೆ ಸೀಮೆಯಲ್ಲಿ ಬಹಳ ಕಡೆ ಬೋರಿನ ನೀರು ಸವಳು, ಹೀಗಾಗಿ ಮಾಳಿಗೆ ನೀರು ಹಿಡಿಯುವುದು ಬೇಕೇಬೇಕು. 1000 ಚದರ ಅಡಿ ಮಾಳಿಗೆ ಮೇಲೆ 10 ಮಿ.ಮೀ. ಮಳೆ ಬಿದ್ದರೆ ಸುಮಾರು 930 ಲೀಟರ್ ನೀರು. ಆದರೆ ಅದನ್ನು ಇಳಿಸಲಿಕ್ಕೆ ಸ್ಲ್ಯಾಬನ್ನೇ ಕೊಯ್ಯಬೇಕಂತ ಎಲ್ಲಿದೆ?

ಮುಟ್ಟಬಾರದ ಜಾಗ

ಕಂಬ ಮತ್ತು ಬೀಮು. ಇದರಲ್ಲಿ "ಸಣ್ಣ ತೂತು, ಏನಾಗತದ" ಅನ್ನುವ ಮಾತಿಲ್ಲ. ಒಳಗೆ ನಿಂತು ಮೇಲೆ ನೋಡಿ, ಸ್ಲ್ಯಾಬಿನಿಂದ ಕೆಳಗೆ ಇಳಿಬಿದ್ದ ಉಬ್ಬು ಕಂಡರೆ ಅದು ಬೀಮು. ಬೀಮಿಲ್ಲದ ಮನೆಯಲ್ಲಿ ಸ್ಲ್ಯಾಬು ಕೂತಿರುವ ಗೋಡೆಯೇ ಬೀಮಿನ ಕೆಲಸ ಮಾಡುತ್ತಿರುತ್ತದೆ. ಅಂಥ ಗೋಡೆ ಒಡೆದು ಎರಡು ಖೋಲಿ ಒಂದು ಮಾಡುವುದು, ಬಾಗಿಲು ಅಗಲ ಮಾಡುವುದು ಎಂಜಿನಿಯರ್ ನೋಡದೆ ಮಾಡುವ ಕೆಲಸವಲ್ಲ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟಡ ಕುಸಿದು 19 ಜನ ತೀರಿಕೊಂಡ ಮೇಲೆ, ಕಟ್ಟಡ ಬಿದ್ದರೆ ಏನಾಗುತ್ತದೆ ಅಂತ ನಮ್ಮ ಜಿಲ್ಲೆಯವರಿಗೆ ಹೊಸದಾಗಿ ಹೇಳಬೇಕಿಲ್ಲ.

ಜನ ಗೊತ್ತಿಲ್ಲದೆ ತಪ್ಪು ಮಾಡುವ ಇನ್ನೊಂದು ಜಾಗ ಸಜ್ಜಾ ಮತ್ತು ಹೊರಗೆ ಚಾಚಿದ ಬಾಲ್ಕನಿ. ಖೋಲಿಯ ನಡುವಿನ ಸ್ಲ್ಯಾಬಿಗೆ ಎಳೆತ ಕೆಳಮೈಗೆ, ಸಜ್ಜಾಕ್ಕೆ ಎಳೆತ ಮೇಲ್ಮೈಗೆ. ಹೀಗಾಗಿ ಅದರ ಮುಖ್ಯ ಸರಳು ಮೇಲೇ ಇರುತ್ತದೆ. ನೀರು ಹರಿಯಲಿ ಅಂತ ಸಜ್ಜಾದ ಮೇಲೆ, ಗೋಡೆಯ ಬದಿಗೆ, ಗ್ರೈಂಡರಿನಿಂದ ಒಂದು ಗೀರು ಕಾಲುವೆ ಕೊಯ್ದರೆ ಸಾಕು, ಅದನ್ನು ಹಿಡಿದುಕೊಂಡಿದ್ದ ಕೈಯನ್ನೇ ಕೊಯ್ದಂತೆ. ಅದು ಅವತ್ತೇ ಬೀಳದಿರಬಹುದು. ಮುಂದೊಂದು ದಿನ ಅದರ ಮೇಲೆ ಮೆಣಸಿನಕಾಯಿ ಒಣಹಾಕಲಿಕ್ಕೆ ಯಾರೋ ಹತ್ತುತ್ತಾರೆ.

ದೊಡ್ಡ ಕಿಂಡಿಗೆ, ಅಂದರೆ ಮಾಳಿಗೆ ಹತ್ತುವ ನಿಚ್ಚಣಿಕೆಗೋ ಕಾಳು ಇಳಿಸಲಿಕ್ಕೋ ಮೂರು ಅಡಿ ಚೌಕ ಬೇಕಂದರೆ, ಲೆಕ್ಕ ಬೇರೆ. ಐದು ಇಂಚು ದಪ್ಪದ ಆ ತುಂಡು ಸುಮಾರು 265 ಕಿಲೊ. ಎರಡೂವರೆ ಕ್ವಿಂಟಲ್ ಮೀರಿದ ಭಾರ ತಲೆಯ ಮೇಲೆ ನೇತಾಡುತ್ತಿರುತ್ತದೆ. ಮೊದಲು ಕೆಳಗಿನಿಂದ, ಕಿಂಡಿಯ ಎಲ್ಲ ಬದಿಗೂ ಮತ್ತು ಕೊಯ್ಯುವ ತುಂಡಿಗೂ, ಕಬ್ಬಿಣದ ಜಾಕಿ ಆನಿಸಬೇಕು. ನಾಲ್ಕು ಮೂಲೆಗೆ ನಾಲ್ಕು ಕೋರ್ ತೂತು, ಆಮೇಲೆ ತೂತಿನಿಂದ ತೂತಿಗೆ ಕಟರ್ ಓಡಿಸಬೇಕು. ಇಲ್ಲಾಂದ್ರ ಚಕ್ರದ ಗೀರು ಮೂಲೆ ದಾಟಿ ಆಚೆ ಹೋಗಿ, ಅಲ್ಲಿಂದಲೇ ಬಿರುಕು ಶುರುವಾಗುತ್ತದೆ. ಕೊಯ್ದುಹೋದ ಸರಳಿಗೆ ಬದಲಾಗಿ ಕಿಂಡಿಯ ಅಂಚಿಗೆ ಅಷ್ಟೇ ಕಬ್ಬಿಣ ಕೊಟ್ಟು ಕಟ್ಟು ಹಾಕಬೇಕು ಅಥವಾ ಕೆಳಗೆ ಉಕ್ಕಿನ ತೊಲೆ ಕೊಡಬೇಕು. ಎಷ್ಟು ಅನ್ನೋದನ್ನ ಎಂಜಿನಿಯರ್ ಬರೆದುಕೊಡಲಿ. ಚೌಕದ ಬದಲು ಉದ್ದನೆ ಕಿಂಡಿ ಸಾಕಾದರೆ ಅದರ ಉದ್ದ ಮುಖ್ಯ ಸರಳಿನ ಗುಂಟ ಇರಲಿ, ಕಡಿಮೆ ಸರಳು ತುಂಡಾಗುತ್ತವೆ. ಹೊಸ ಅಂಚಿಗೆ ಬಲ ಬರುವ ತನಕ, ಕನಿಷ್ಠ ಎರಡು ವಾರ, ಜಾಕಿ ತೆಗೆಯಬೇಡಿ. ಇಷ್ಟೆಲ್ಲ ಕೇಳಿದ ಮೇಲೆ ಹೊರಗಿನಿಂದ ಮೆಟ್ಟಿಲು ಕಟ್ಟಿಸೋದೇ ಸೋವಿ ಅನಿಸಿದರೆ, ಹೌದು, ಬಹಳ ಸಲ ಅದೇ ಸೋವಿ.

ಪೈಪಿನ ಸುತ್ತ ಮುಚ್ಚುವುದು

ಕೋರ್ ತೂತಿನ ಒಳಮೈ ಗಾಜಿನಂತೆ ನುಣುಪು, ಅದಕ್ಕೆ ಸಿಮೆಂಟ್ ಸರಿಯಾಗಿ ಹಿಡಿಯುವುದಿಲ್ಲ. ಸಣ್ಣ ಚಾಣದಿಂದ ಮೆಲ್ಲಗೆ ಗೀರಿ ಒರಟು ಮಾಡಿಸಿ. ಪಿವಿಸಿ ಪೈಪಿನ ಹೊರಮೈಯನ್ನೂ ಮರಳು ಕಾಗದದಿಂದ ತಿಕ್ಕಿ. ತೊಳೆದು, ತೇವ ಇದ್ದಾಗಲೇ ಕುಗ್ಗದ ಗ್ರೌಟ್ ತುಂಬಬೇಕು. ಬರೀ ಸಿಮೆಂಟ್-ಮರಳು ಒಣಗುತ್ತ ಕುಗ್ಗಿ ಪೈಪಿನಿಂದ ಬಿಟ್ಟುಕೊಳ್ಳುತ್ತದೆ. ನಮ್ಮ ಮನೆಯಲ್ಲಿ ನೀರು ಇಳಿದದ್ದು ಆ ಸಂದಿನಿಂದಲೇ. ಮೇಲೆ ಪೈಪಿನ ಸುತ್ತ ಎರಡು ಮೂರು ಇಂಚು ಎತ್ತರದ ಇಳಿಜಾರು ಕಟ್ಟೆ ಮಾಡಿ, ವಾರ ದಿನ ಒದ್ದೆ ಗೋಣಿಚೀಲ ಹೊದಿಸಿ. ಆಮೇಲೆ ಸುತ್ತ ಮಣ್ಣಿನ ಒಡ್ಡು ಕಟ್ಟಿ 24 ತಾಸು ನೀರು ನಿಲ್ಲಿಸಿ ನೋಡಿ. ಅಷ್ಟಾದ ಮೇಲೆ ಕೂಲಿಯ ಕೊನೆಯ ಕಂತು ಕೊಡಿ. ಬೀಜದ ಚೀಲ ಮಾತ್ರ ಆ ಖೋಲಿಯಲ್ಲಿ ಇಡಬೇಡಿ, ಒಂದು ಮಳೆಗಾಲ ಕಳೆಯಲಿ.

ಕಣ ಮತ್ತು ಕೊಟ್ಟಿಗೆ

ನೆಲದ ಕಾಂಕ್ರೀಟಿನಲ್ಲಿ ಸಾಮಾನ್ಯವಾಗಿ ಕಬ್ಬಿಣ ಇರುವುದಿಲ್ಲ, ಹೀಗಾಗಿ ಹೆದರಿಕೆ ಕಡಿಮೆ. ಆದರೆ ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಕುಗ್ಗುತ್ತದೆ. ಗರಸು ತುಂಬಿ ಬಡಿಯದೆ ನೇರ ಎರೆಯ ಮೇಲೆ ಹಾಕಿದ ಕಣ ಎರಡೇ ವರ್ಷಕ್ಕೆ ನಕಾಶೆಯಂತೆ ಬಿರಿಯುತ್ತದೆ. ಬಿರುಕಿನಲ್ಲಿ ಕಾಳು ಸಿಕ್ಕಿ, ಇರುವೆ ಹತ್ತಿ, ಜೋಳದೊಳಗೆ ಮಣ್ಣು. ಹೊಸ ಕಣ ಮಾಡಿಸುವವರು ಕಟರ್ ಮಶಿನ್‌ನವನಿಗೆ ಮೊದಲೇ ಹೇಳಿಟ್ಟು, ಕಾಂಕ್ರೀಟ್ ಹಾಕಿದ ದಿನ ರಾತ್ರಿಯೋ ಮರುದಿನ ಮುಂಜಾನೆಯೋ ಗೀರು ಕೊಯ್ಯಿಸಬೇಕು. ನಾಲ್ಕು ಇಂಚು ದಪ್ಪದ ಕಣವಾದರೆ ಎಂಟರಿಂದ ಹತ್ತು ಅಡಿಯ ಚೌಕ, ಗೀರಿನ ಆಳ ಒಂದು ಇಂಚು. ಕಾಂಕ್ರೀಟ್ ಒಣಗುವಾಗ ಎಲ್ಲಾದರೂ ಬಿರಿಯುವುದೇ, ಈ ಗೀರು ಇದ್ದರೆ ಅದರ ಗುಂಟ ನೆಟ್ಟಗೆ ಬಿರಿಯುತ್ತದೆ. ಆಮೇಲೆ ಸೀಲಂಟ್ ತುಂಬಿದರೆ ಮುಗಿಯಿತು. ಮೂರು ದಿನ ಬಿಟ್ಟು ಕೊಯ್ದರೆ ಉಪಯೋಗವಿಲ್ಲ, ಬಿರುಕು ಒಳಗೊಳಗೇ ದಾರಿ ಹಿಡಿದಿರುತ್ತದೆ.

ದಂದಕ್ಕಿಯ ನೆಲ ನುಣುಪಾಗಿ ಆಕಳು ಜಾರುತ್ತಿದ್ದರೆ ನೆಲ ಒಡೆದು ಹಾಕಬೇಕಿಲ್ಲ. ಅರ್ಧ ಇಂಚು ಅಗಲ, ಅರ್ಧ ಇಂಚು ಆಳದ ಗೀರನ್ನು ಮೂರು-ನಾಲ್ಕು ಇಂಚಿಗೊಂದರಂತೆ ಕೊಯ್ಯಿಸಿ, ಚೂಪಾದ ಅಂಚನ್ನು ಕಾಂಕ್ರೀಟ್ ತುಂಡು ಎಳೆದಾಡಿ ಸವೆಸಿ, ಇಲ್ಲದಿದ್ದರೆ ಗೊರಸಿಗೆ ಗಾಯ. ಗಂಜಲ ಹಿಡಿಯುವ ಕಾಲುವೆ ಬೇಕಾದರೆ ಎರಡು ಸಮ ಗೀರು ಕೊಯ್ದು ನಡುವಿನದನ್ನು ಬ್ರೇಕರಿನಿಂದ ಎಬ್ಬಿಸಬಹುದು, ಬದಿಯ ನೆಲ ಅಲುಗುವುದಿಲ್ಲ. ಹತ್ತು ಅಡಿಗೆ ಎರಡು ಇಂಚು ಇಳಿಜಾರು ಇಟ್ಟು ಮೂಲೆಯಲ್ಲಿ ತೊಟ್ಟಿ ಮಾಡಿ. ಒಂದು ಬ್ಯಾರೆಲ್ ಜೀವಾಮೃತಕ್ಕೆ ಬೇಕಾಗುವುದು 5ರಿಂದ 10 ಲೀಟರ್ ಗಂಜಲ, ಎರಡು ದನ ಇದ್ದವರಿಗೆ ಅದಕ್ಕೆ ಕೊರತೆಯಿಲ್ಲ. ಮನೆ ಮುಂದಿನ ಸಿಸಿ ರಸ್ತೆ ಕೊಯ್ದು ಪೈಪು ಒಯ್ಯುವುದಾದರೆ ಗ್ರಾಮ ಪಂಚಾಯಿತಿ ಪರವಾನಗಿ ಮೊದಲು.

ಮಶಿನ್ ಬಂದ ದಿನ

ಮಶಿನ್ ಹುಬ್ಬಳ್ಳಿಯಿಂದ ಬರಬೇಕು. ಒಂದು ತೂತಿಗೆ ಕರೆದರೆ ದುಬಾರಿ, ಓಣಿಯ ನಾಲ್ಕು ಮನೆಯವರು ಕೂಡಿ ಒಂದೇ ದಿನ ಕರೆಸಿ. ದರ ತೂತಿಗಿಷ್ಟು ಅಥವಾ ಇಂಚಿಗಿಷ್ಟು ಅಂತ ಇರುತ್ತದೆ. ಅದರಲ್ಲಿ ಗಾಡಿ ಬಾಡಿಗೆ, ಜನರೇಟರ್, ಸ್ಟ್ಯಾಂಡಿನ ಬೋಲ್ಟಿನ ತೂತು ಮುಚ್ಚುವುದು ಸೇರಿದೆಯೋ ಇಲ್ಲವೋ ಕೇಳಿ. ಸ್ಟ್ಯಾಂಡ್ ಇಲ್ಲದೆ ಕೈಯಲ್ಲೇ ಹಿಡಿದು ನಾಲ್ಕು ಇಂಚಿನ ತೂತು ಹಾಕುತ್ತೇನೆ ಅನ್ನುವವನನ್ನು ಹಂಗ ತಿರುಗಿ ಕಳಿಸಿ. ಬಿಟ್ಟು ಸರಳಿಗೆ ಸಿಕ್ಕರೆ ಮಶಿನ್ ಅವನ ಮಣಿಕಟ್ಟನ್ನೇ ತಿರುವುತ್ತದೆ.

ನೀರು ಮತ್ತು ಕರೆಂಟು ಒಟ್ಟಿಗೆ ಇರುವ ಕೆಲಸ ಇದು. ಮೊಬೈಲ್ ಚಾರ್ಜ್ ಮಾಡುವ ಸಣ್ಣ ಸಾಕೆಟ್ಟಿನಿಂದ ತೆಗೆಯಬೇಡಿ, 16 ಆಂಪ್ ಪಾಯಿಂಟ್, ಅರ್ಥಿಂಗ್, ಸೋರಿದ ಕರೆಂಟಿಗೆ ಕಟ್ ಆಗುವ 30 ಮಿಲಿಆಂಪ್ ಬ್ರೇಕರ್ ಇರಲಿ. ವೋಲ್ಟೇಜ್ ಇಳಿದಾಗ ಓಡಿಸಿದರೆ ಮೋಟಾರ್ ಸುಡುತ್ತದೆ. ನೀರಿಲ್ಲದೆ ಒಣ ಕೊಯ್ದರೆ ಏಳುವ ಬಿಳಿ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಅದು ಶ್ವಾಸಕೋಶದಲ್ಲಿ ಕೂತರೆ ಹೊರಗೆ ಬರುವುದಿಲ್ಲ, ಸಿಲಿಕೋಸಿಸ್ ಆದರೆ ಗುಣವಾಗುವ ಔಷಧವಿಲ್ಲ. ಮೂಗಿಗೆ ಟವೆಲ್ ಕಟ್ಟಿಕೊಂಡರೆ ಆ ಧೂಳು ನಿಲ್ಲುವುದಿಲ್ಲ, ಎನ್95 ಮಾಸ್ಕ್ ಬೇಕು.

ಇನ್ನು ಕೊಯ್ದಾಗ ಹರಿಯುವ ಬೂದು ರಾಡಿ. ಸಿಮೆಂಟಿನ ಆ ನೀರು ಸುಣ್ಣದ ತಿಳಿಯಂತೆ ತೀಕ್ಷ್ಣ ಕ್ಷಾರ. ನಮ್ಮ ಎರೆ ಮಣ್ಣು ಮೊದಲೇ ಕ್ಷಾರದ ಕಡೆ ವಾಲಿದ್ದು. ಇದನ್ನು ಹಿತ್ತಲಿನ ಕರಿಬೇವಿಗೋ ಎರೆಹುಳು ಗುಂಡಿಗೋ ಬಿಡಬೇಡಿ, ಹುಳು ಉಳಿಯುವುದಿಲ್ಲ. ಸುತ್ತ ಮರಳಿನ ಒಡ್ಡು ಹಾಕಿ ಹಿಡಿದು, ಒಣಗಿದ ಮೇಲೆ ಚೀಲಕ್ಕೆ ತುಂಬಿ. ಗಟ್ಟಿ ತುಂಡುಗಳನ್ನು ಬಿಸಾಡಬೇಡಿ. ನಮ್ಮಲ್ಲಿ ಬಂದ ಎಂಟು ಗಟ್ಟಿಗಳು ಈಗ ಬೀಜದ ಚೀಲ ನೆಲಕ್ಕೆ ತಾಗದಂತೆ ಹಲಗೆಯ ಕೆಳಗೆ ಕೂತಿವೆ.