ಹದ ತಪ್ಪಿದಾಗ: ಬೇಸಿಗೆಯ ಹಪ್ಪಳ, ಸಂಡಿಗೆ ಮತ್ತು ಮಿಡಿ ಉಪ್ಪಿನಕಾಯಿ

ಯುಗಾದಿ ಕಳೆದು ಮುಂಗಾರು ಹಿಡಿಯುವವರೆಗಿನ ಬಿಸಿಲಿನ ದಿನಗಳನ್ನು ವರ್ಷದ ಹಪ್ಪಳ, ಸಂಡಿಗೆ, ಉಪ್ಪಿನಕಾಯಿಗಳಿಗೆಂದೇ ಮೀಸಲಿಡುವ ಪದ್ಧತಿ ಕರ್ನಾಟಕದ ಅಸಂಖ್ಯ ಮನೆಗಳಲ್ಲಿ ತಲೆಮಾರುಗಳಿಂದ ನಡೆದುಬಂದಿದೆ. ಮಲೆನಾಡು ಮತ್ತು ಕರಾವಳಿಯಲ್ಲಿ ಹಲಸಿನ ಹಪ್ಪಳ, ಮಾವಿನ ಮಿಡಿ. ಹಳೆಯ ಮೈಸೂರು ಸೀಮೆಯಲ್ಲಿ ಅಕ್ಕಿ ಸಂಡಿಗೆ, ಬೂದುಗುಂಬಳದ ತುರಿಯನ್ನು ಭತ್ತದ ಅರಳಿನೊಂದಿಗೆ ಕಲಸಿ ಇಡುವ ಅರಳು ಸಂಡಿಗೆ, ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿದ ಬಾಳಕದ ಮೆಣಸಿನಕಾಯಿ. ಉತ್ತರ ಕರ್ನಾಟಕದಲ್ಲಿ ಗೋಧಿಯ ಶಾವಿಗೆ ಮತ್ತು ಕುರಡಗಿ, ಹೀಗೆ ಸೀಮೆ ಬದಲಾದಂತೆ ಪದಾರ್ಥ ಬದಲಾದರೂ ಕೆಲಸದ ಹಿಂದಿನ ಅಗತ್ಯ ಒಂದೇ ಆಗಿತ್ತು. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆಯಂಥ ಕಡೆ ಆಷಾಢ ಶ್ರಾವಣಗಳಲ್ಲಿ ಹಿತ್ತಲಿನ ತರಕಾರಿ ಕೊಳೆತು, ಹಳ್ಳಗಳು ತುಂಬಿ, ಪೇಟೆಯ ದಾರಿ ಮುಚ್ಚಿಹೋಗುತ್ತಿದ್ದುದರಿಂದ ಬೇಸಿಗೆಯಲ್ಲಿ ಮಾಡಿಟ್ಟದ್ದೇ ಮಳೆಗಾಲದ ಊಟಕ್ಕೆ ಆಧಾರವಾಗುತ್ತಿತ್ತು.

ಈ ಅಡುಗೆ ವಿದ್ಯೆ ಕನ್ನಡದ ಬರವಣಿಗೆಯಲ್ಲೂ ಹಳೆಯದೇ. ಎರಡನೆಯ ಚಾವುಂಡರಾಯನು ಕ್ರಿ.ಶ. 1025ರ ಸುಮಾರಿಗೆ ಬರೆದ ‘ಲೋಕೋಪಕಾರ’ದಲ್ಲಿ ಅಡುಗೆಗೆಂದೇ ಒಂದು ಭಾಗವಿದ್ದು, ಹದಿನಾರನೆಯ ಶತಮಾನದ ಆರಂಭದ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ ಪೂರ್ತಿಯಾಗಿ ಪಾಕವಿಧಾನಗಳ ಕಾವ್ಯವಾಗಿದೆ. ಕೊಳ್ಳೇಗಾಲದಲ್ಲಿ ಹುಟ್ಟಿದ ಆಹಾರ ಇತಿಹಾಸಕಾರ ಕೆ. ಟಿ. ಅಚಯ ಅವರು, 1594ರ ಗುರುಲಿಂಗ ದೇಶಿಕನ ‘ಲಿಂಗಪುರಾಣ’ದಲ್ಲಿ ಐವತ್ತು ಬಗೆಯ ಉಪ್ಪಿನಕಾಯಿಗಳ ಪ್ರಸ್ತಾಪ ಇರುವುದನ್ನು ಗುರುತಿಸಿದ್ದಾರೆ. ಆದರೆ ಹಿಟ್ಟಿನ ಹದ ತಪ್ಪಿದರೆ ಏನು ಮಾಡಬೇಕು, ಬಿಸಿಲು ಕೈಕೊಟ್ಟರೆ ಹೇಗೆ ಸುಧಾರಿಸಬೇಕು ಎಂಬಂಥ ತಿಳಿವಳಿಕೆ ಗ್ರಂಥಗಳಿಗಿಂತ ಹೆಚ್ಚಾಗಿ ತಾಯಿಯಿಂದ ಮಗಳಿಗೆ, ಅತ್ತೆಯಿಂದ ಸೊಸೆಗೆ ಬಾಯಿಮಾತಿನಲ್ಲೇ ಸಾಗಿಬಂದಿದೆ. ಮನೆಯ ಸಂಪ್ರದಾಯವೆಂದು ಇಂದು ಪಾಲಿಸುವ ಎಷ್ಟೋ ಕಟ್ಟಳೆಗಳನ್ನು ಹತ್ತಿರದಿಂದ ನೋಡಿದರೆ, ಅವುಗಳ ಬೆನ್ನಿಗೆ ಯಾವಾಗಲೋ ಆದ ಒಂದು ಸಣ್ಣ ಅವಘಡ, ಹಾಳಾದ ಒಂದು ಜಾಡಿ ಅಥವಾ ಬೂಷ್ಟು ಹಿಡಿದ ಒಂದು ಡಬ್ಬಿ ಇದ್ದಿರಬೇಕೆಂದು ಊಹಿಸುವುದು ಕಷ್ಟವಲ್ಲ.

ಹಲಸಿನ ಹಪ್ಪಳ ಇದಕ್ಕೆ ಒಳ್ಳೆಯ ನಿದರ್ಶನ. ಇದಕ್ಕೆ ಬೇಕಾದದ್ದು ಚೆನ್ನಾಗಿ ಬಲಿತಿದ್ದರೂ ಇನ್ನೂ ಹಣ್ಣಾಗದ ಕಾಯಿ. ಅದರ ಸೊಳೆಗಳನ್ನು ಬಿಡಿಸಿ, ಹಬೆಯಲ್ಲಿ ಬೇಯಿಸಿ, ಉಪ್ಪು, ಮೆಣಸಿನಕಾಯಿ, ಜೀರಿಗೆ ಸೇರಿಸಿ ಒರಳಿನಲ್ಲಿ ಜಿಗುಟಾಗುವವರೆಗೆ ಕುಟ್ಟಿ, ಎಣ್ಣೆ ಸವರಿದ ಎರಡು ಬಾಳೆಲೆ ತುಂಡುಗಳ ನಡುವೆ ಉಂಡೆಯಿಟ್ಟು ಮಣೆಯಿಂದ ಒತ್ತಿ, ಚಾಪೆಯ ಮೇಲೆ ಒಣಗಿಸುತ್ತಾರೆ. ಕಾಯಿ ಕೊಯ್ದ ದಿನವೇ ಕೆಲಸ ಹಿಡಿಯದೆ ಮುಂದಕ್ಕೆ ಹಾಕಿದರೆ ಒಳಗಿನ ಪಿಷ್ಟ ಸಕ್ಕರೆಯಾಗಿ ಮಾರ್ಪಡತೊಡಗುತ್ತದೆ. ಒತ್ತುವಾಗ ಕಾಣದ ಈ ದೋಷ ಕರಿಯುವಾಗ ಬಯಲಾಗಿ, ಹಪ್ಪಳ ಅರಳುವ ಮೊದಲೇ ಕೆಂಪಗಾಗಿ, ಅಂಚು ಸೀದು, ನಡುಭಾಗ ಗಟ್ಟಿಯಾಗಿ ಉಳಿಯುತ್ತದೆ. ಬಿಸಿ ಎಣ್ಣೆಯಲ್ಲಿ ಸಕ್ಕರೆಯ ಅಂಶ ಬೇಗ ಕಂದುವುದೇ ಇದಕ್ಕೆ ಕಾರಣ. ರಸಾಯನಶಾಸ್ತ್ರದ ಹೆಸರುಗಳು ಗೊತ್ತಿಲ್ಲದ ಮಲೆನಾಡಿನ ಹೆಂಗಸರು ಕಾಯಿಯನ್ನು ಬೆರಳಿನಿಂದ ತಟ್ಟಿ ಸದ್ದು ಕೇಳಿ, ಒಂದು ಸೊಳೆ ಬಿಡಿಸಿ ಬಾಯಿಗಿಟ್ಟು ಸಿಹಿ ಇಳಿದಿದೆಯೇ ಎಂದು ನೋಡಿದ ಮೇಲೆಯೇ ಒಲೆ ಹೊತ್ತಿಸುವುದು ಈ ಅನುಭವದ ಫಲ.

ಅಕ್ಕಿ ಸಂಡಿಗೆಯ ಕಷ್ಟ ಬೇರೆ ಬಗೆಯದು. ನೆನೆದ ಅಕ್ಕಿಯನ್ನು ರುಬ್ಬಿ, ಕುದಿಯುವ ನೀರಿಗೆ ಹಾಕಿ ಕೈಬಿಡದೆ ತಿರುವುತ್ತ ಬೇಯಿಸಿದಾಗ ಪಿಷ್ಟದ ಕಣಗಳು ನೀರು ಕುಡಿದು ಉಬ್ಬಿ ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಹಿಟ್ಟು ಸರಿಯಾಗಿ ಬೇಯದಿದ್ದರೆ ಈ ಬೆಸುಗೆ ಆಗದೆ, ಒತ್ತಿದ ಸಂಡಿಗೆ ಬಿಸಿಲಿಗೆ ಬಿರುಕುಬಿಟ್ಟು, ಬಟ್ಟೆಯಿಂದ ಬಿಡಿಸುವಾಗ ಪುಡಿಯಾಗುತ್ತದೆ. ಒದ್ದೆ ಕೈಯಲ್ಲಿ ಮುಟ್ಟಿದರೆ ಬೆರಳಿಗೆ ಅಂಟದಷ್ಟು ಬೆಂದಿರಬೇಕೆಂಬ ಮನೆಯ ಪರೀಕ್ಷೆ ಈ ಬೆಸುಗೆಯನ್ನೇ ಗುರುತಿಸುವ ಉಪಾಯ. ಒಣಗಿಸುವುದರಲ್ಲೂ ಒಂದು ಮಿತಿ ಇದೆ: ಸಂಡಿಗೆ ಹಪ್ಪಳಗಳ ಒಳಗೆ ಉಳಿದ ಅಲ್ಪ ತೇವವೇ ಕಾದ ಎಣ್ಣೆಯಲ್ಲಿ ತಟ್ಟನೆ ಆವಿಯಾಗಿ ಅವುಗಳನ್ನು ಅರಳಿಸುವುದರಿಂದ, ಅಗತ್ಯಕ್ಕಿಂತ ಹೆಚ್ಚು ಒಣಗಿದ್ದು ಸರಿಯಾಗಿ ಅರಳುವುದಿಲ್ಲ, ಕಡಿಮೆ ಒಣಗಿದ್ದು ಡಬ್ಬಿಯಲ್ಲೇ ಬೂಷ್ಟು ಹಿಡಿಯುತ್ತದೆ.

ಬಿಸಿಲನ್ನು ನಂಬಿದ ಕೆಲಸಕ್ಕೆ ಮಳೆಯ ಭಯ ತಪ್ಪಿದ್ದಲ್ಲ. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಇರುವ ಹದಿಮೂರು ಹದಿನಾಲ್ಕು ದಿನಗಳನ್ನು ಆಯಾ ನಕ್ಷತ್ರದ ಮಳೆಯೆಂದು ರೈತರು ಕರೆಯುವ ಲೆಕ್ಕದಲ್ಲಿ, ಏಪ್ರಿಲ್ ಮಧ್ಯದಲ್ಲಿ ಅಶ್ವಿನಿ, ತಿಂಗಳ ಕೊನೆಗೆ ಭರಣಿ, ಮೇ ಎರಡನೆಯ ವಾರದಲ್ಲಿ ಕೃತ್ತಿಕೆ ಹುಟ್ಟುತ್ತವೆ. ಬೆಳಗಿನಿಂದ ಕಾದ ನೆಲದ ಮೇಲಿನ ತೇವದ ಗಾಳಿ ಮಧ್ಯಾಹ್ನದ ಹೊತ್ತಿಗೆ ಮೇಲೇರಿ ಗುಡುಗು ಮೋಡವಾಗಿ ಸುರಿಯುವ ಕಾಲವೂ ಇದೇ. ಹೊಲದವನು ಕೈಮುಗಿದು ಬೇಡುವ ಭರಣಿ ಮಳೆಯನ್ನು ಮಹಡಿಯ ಮೇಲೆ ಸಂಡಿಗೆ ಹರವಿದವಳು ಹೆದರಿ ನೋಡುತ್ತಾಳೆ. ಸಂಡಿಗೆ ಹಿಟ್ಟನ್ನು ನಸುಕಿನಲ್ಲೇ ಬೇಯಿಸಿ ಬಿಸಿಲೇರುವ ಮೊದಲು ಇಟ್ಟು ಮುಗಿಸಬೇಕೆಂಬ ಕಟ್ಟುಪಾಡು, ಸಂಜೆಯ ಮಳೆಗೆ ಮುಂಚೆ ಒಂದು ಪೂರ್ತಿ ಬಿಸಿಲು ದಕ್ಕಿಸಿಕೊಳ್ಳುವುದಕ್ಕಾಗಿ ಹುಟ್ಟಿಕೊಂಡದ್ದು. ಕಾಗೆ ಕಾಯಲು ಕೂರಿಸಿದ ಮಕ್ಕಳು ಅರೆ ಒಣಗಿದ ಸಂಡಿಗೆಯನ್ನು ತಾವೇ ತಿಂದು ಮುಗಿಸುವುದು ಎಲ್ಲ ಮನೆಗಳ ಲೆಕ್ಕದಲ್ಲಿ ಮೊದಲೇ ಸೇರಿರುವ ನಷ್ಟವಾದ್ದರಿಂದ, ಅದನ್ನು ಯಾರೂ ಅವಘಡವೆಂದು ಎಣಿಸುವುದಿಲ್ಲ.

ಮಾವಿನ ಮಿಡಿಯ ವಿಷಯದಲ್ಲಿ ಎಚ್ಚರ ಮರದಿಂದಲೇ ಆರಂಭವಾಗುತ್ತದೆ. ಶಿರಸಿ, ಸಿದ್ದಾಪುರ, ಸಾಗರ, ಹೊಸನಗರದ ಹೊಳೆದಂಡೆಗಳಲ್ಲಿ ಬೆಳೆಯುವ, ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಅಪ್ಪೆಮಿಡಿಯನ್ನು, ಅಂದರೆ ಪರಿಮಳದ ಸೊನೆಯುಳ್ಳ ಕಾಡುಮಾವಿನ ಎಳೆಗಾಯಿಯನ್ನು, ನೆಲಕ್ಕೆ ಉದುರಿಸದೆ ತೊಟ್ಟಿನ ಸಮೇತ ಕೊಯ್ದು ಬುಟ್ಟಿಯಲ್ಲಿ ಇಳಿಸುತ್ತಾರೆ. ಬಿದ್ದು ಪೆಟ್ಟಾದ ಮಿಡಿ ಹೊರಗೆ ಚೆನ್ನಾಗಿಯೇ ಕಂಡರೂ ಒಳಗೆ ಮೆತ್ತಗಾಗಿ ಕೊಳೆಯಲು ತೊಡಗುತ್ತದೆ. ಅಂಥದ್ದೊಂದು ಜಾಡಿ ಸೇರಿದರೆ ಉಳಿದವೂ ಕೆಡುತ್ತವೆ. ಮಿಡಿಗಳನ್ನು ಒರೆಸಿ, ಕಲ್ಲುಪ್ಪಿನೊಂದಿಗೆ ಪದರು ಪದರಾಗಿ ತುಂಬಿದಾಗ ಉಪ್ಪು ಅವುಗಳ ನೀರನ್ನು ಹೊರಗೆಳೆದು, ಮಿಡಿ ಮುರುಟಿ, ಜಾಡಿಯಲ್ಲಿ ತಾನಾಗಿಯೇ ಉಪ್ಪುನೀರು ತುಂಬುತ್ತದೆ. ಬೇರೆ ನೀರು ಸೇರಿಸದೆ ಆ ನೀರನ್ನೇ ಕುದಿಸಿ ಆರಿಸಿ, ಅದರಲ್ಲಿ ಸಾಸಿವೆ, ಮೆಣಸಿನಕಾಯಿಗಳ ಪುಡಿ ಕಲಸಿ ಮಿಡಿಗೆ ಹಾಕುತ್ತಾರೆ. ಸಾಸಿವೆ ಪುಡಿಯಾಗಿ ತೇವ ತಗುಲಿದಾಗಲೇ ಹುಟ್ಟುವ ಘಾಟಿನ ಎಣ್ಣೆಯಂಶಕ್ಕೆ ಸೂಕ್ಷ್ಮಜೀವಿಗಳನ್ನು ತಡೆಯುವ ಗುಣವಿರುವುದರಿಂದ ಅದು ರುಚಿಯ ಜೊತೆಗೆ ಕಾವಲಿನ ಕೆಲಸವನ್ನೂ ಮಾಡುತ್ತದೆ. ಉಪ್ಪು ಮತ್ತು ಹುಳಿ ಎರಡೂ ಲೋಹವನ್ನು ತಿನ್ನುವ ಕಾರಣ, ಹಿತ್ತಾಳೆ ಕಬ್ಬಿಣದ ಪಾತ್ರೆ ಬಿಟ್ಟು ಪಿಂಗಾಣಿ ಜಾಡಿಯನ್ನೇ ಬಳಸುವುದು ವಾಡಿಕೆ.

ಹೀಗೆ ಮಾಡಿಯೂ ಜಾಡಿ ಕೆಡುವುದುಂಟು. ಉಪ್ಪುನೀರಿನಿಂದ ಮೇಲೆದ್ದು ಗಾಳಿಗೆ ಒಡ್ಡಿಕೊಂಡ ಮಿಡಿಗಳ ಸುತ್ತ ಮೊದಲು ತೆಳುವಾದ ಬಿಳಿ ಕೆನೆ ಕಟ್ಟುತ್ತದೆ; ಅದು ಹುಳಿಯನ್ನೇ ಆಹಾರ ಮಾಡಿಕೊಂಡು ಬೆಳೆಯುವ ಒಂದು ಬಗೆಯ ಸೂಕ್ಷ್ಮಜೀವಿಯಾದ್ದರಿಂದ, ಹುಳಿ ತಗ್ಗಿದ ಜಾಗದಲ್ಲಿ ಬೇರೆ ಬೂಷ್ಟುಗಳಿಗೆ ದಾರಿಯಾಗುತ್ತದೆ. ಉಪ್ಪು ಕಡಿಮೆ ಬಿದ್ದದ್ದು ಅಥವಾ ಒದ್ದೆ ಸೌಟಿನಿಂದ ತೆಗೆದದ್ದು ಸಾಮಾನ್ಯವಾಗಿ ಇದಕ್ಕೆ ಕಾರಣ. ಒದ್ದೆ ಕೈ ಹಾಕಬಾರದು, ದೊಡ್ಡ ಜಾಡಿಯನ್ನು ದಿನವೂ ತೆರೆಯದೆ ಸಣ್ಣ ಭರಣಿಗೆ ತೆಗೆದಿಟ್ಟುಕೊಂಡು ಬಳಸಬೇಕು ಎಂಬ ಹಿರಿಯರ ಮಾತುಗಳನ್ನು ಆದ್ದರಿಂದ ಅಕ್ಷರಶಃ ಪಾಲಿಸುವುದು ಒಳ್ಳೆಯದು. ಆದರೆ ಬೂಷ್ಟು ಹಿಡಿದ ಹಪ್ಪಳವನ್ನು ಒರೆಸಿ ಮತ್ತೆ ಬಿಸಿಲಿಗೆ ಹಾಕಿ ಬಳಸುವ ಮಿತವ್ಯಯ ಮಾತ್ರ ಮುಂದುವರಿಯಬಾರದು. ಕೆಲವು ಬೂಷ್ಟುಗಳು ಬಿಡುವ ವಿಷ ಬಿಸಿಲಿಗೂ ಕಾದ ಎಣ್ಣೆಗೂ ಪೂರ್ತಿ ನಾಶವಾಗುವುದಿಲ್ಲ.

ಇದೇ ಕಟ್ಟುಪಾಡುಗಳ ಸಾಲಿನಲ್ಲಿ, ಮುಟ್ಟಾದ ಹೆಂಗಸರು ಜಾಡಿ ಮುಟ್ಟಿದರೆ ಉಪ್ಪಿನಕಾಯಿ ಕೆಡುತ್ತದೆಂಬ ನಿಷೇಧವೂ ಸೇರಿಕೊಂಡಿದೆ. ಉಪ್ಪು, ಹುಳಿ, ತೇವ, ಗಾಳಿ ಈ ನಾಲ್ಕರ ಹೊರತಾಗಿ ಜಾಡಿಗೆ ಮತ್ತೊಂದು ಸಂಗತಿ ತಿಳಿಯದು. ಈ ನಿಷೇಧಕ್ಕೆ ಯಾವ ಆಧಾರವೂ ಇಲ್ಲ, ಅದರಿಂದ ಆಗಿರುವ ನೋವು ಮಾತ್ರ ನಿಜವಾದದ್ದು. ಕೆಟ್ಟ ಜಾಡಿಯ ನಿಜವಾದ ಕಾರಣ ಹುಡುಕದೆ ಮನೆಯ ಯಾರೋ ಒಬ್ಬಳ ಮೇಲೆ ತಪ್ಪು ಹೊರಿಸಿದ್ದರಿಂದ, ಕಲಿಯಬೇಕಾದ ಪಾಠವೂ ಎಷ್ಟೋ ಸಲ ಕೈತಪ್ಪಿರಬೇಕು. ಪರಂಪರೆಯ ಮೇಲೆ ಪ್ರೀತಿಯುಳ್ಳವರೇ ಮುಂದಾಗಿ ಇದನ್ನು ಕೈಬಿಡಬೇಕು.

ಈಗ ಹಪ್ಪಳ ಉಪ್ಪಿನಕಾಯಿಗಳು ಅಂಗಡಿಯಲ್ಲಿ ವರ್ಷವಿಡೀ ಸಿಗುತ್ತವೆ. 1959ರಲ್ಲಿ ಮುಂಬೈಯ ಗಿರ್‌ಗಾಂವಿನಲ್ಲಿ ಏಳು ಮಂದಿ ಗೃಹಿಣಿಯರು 80 ರೂಪಾಯಿ ಸಾಲ ಪಡೆದು ಆರಂಭಿಸಿದ ಲಿಜ್ಜತ್ ಪಾಪಡ್ ಸಂಸ್ಥೆ, ಈ ಮನೆಗೆಲಸ ಹೆಂಗಸರ ಸ್ವಂತ ದುಡಿಮೆಯೂ ಆಗಬಲ್ಲದೆಂದು ತೋರಿಸಿದೆ. ಮಲೆನಾಡಿನ ಅನೇಕ ಕುಟುಂಬಗಳಿಗೂ ಮಿಡಿ ಮತ್ತು ಹಲಸಿನ ಹಪ್ಪಳ ಇಂದು ಆದಾಯದ ದಾರಿ. ಆದ್ದರಿಂದ ಮನೆಯಲ್ಲಿ ಮಾಡದವರನ್ನು ದೂರುವುದು ಸಲ್ಲದು. ಕಳೆದುಹೋಗುತ್ತಿರುವುದು ಅಳತೆಯಿಲ್ಲದೆ ಕೈಯಂದಾಜಿನಲ್ಲಿ ಉಳಿದ ತಿಳಿವಳಿಕೆ. ಈ ಕೆಲಸ ಬಲ್ಲ ಹಿರಿಯರು ಮನೆಯಲ್ಲಿದ್ದರೆ, ಬರುವ ಬೇಸಿಗೆಯಲ್ಲಿ ಅವರ ಪಕ್ಕದಲ್ಲಿ ಕುಳಿತು, ಅವರ ಹಿಡಿ ಬೊಗಸೆಗಳನ್ನು ತಕ್ಕಡಿಯಲ್ಲಿ ತೂಗಿ, ಎಷ್ಟು ಸೇರು ಮಿಡಿಗೆ ಎಷ್ಟು ಉಪ್ಪು, ಯಾವ ವರ್ಷ ಏನು ಕೆಟ್ಟಿತು, ಏಕೆ ಕೆಟ್ಟಿತು ಎಂಬುದನ್ನೆಲ್ಲ ಓದುಗರು ಒಂದು ನೋಟುಬುಕ್ಕಿನಲ್ಲಿ ಬರೆದಿಟ್ಟುಕೊಳ್ಳಬೇಕು.